ಸೊಳ್ಳೆ ತಿನ್ನುವ ಸೊಳ್ಳೆಯನ್ನು ಸಾಕಿ ಬಿಡಬಹುದಾ?

ಸುಳ್ಯದ ತೋಟದವ: ಟ್ಯಾಪಿಂಗ್ ನಿಲ್ಲಿಸಿದ ರಬ್ಬರ್ ಮರಗಳ ಕಪ್‌ಗಳಲ್ಲಿ ಮಳೆನೀರು ನಿಂತಿತ್ತು. ಎಲ್ಲದರಲ್ಲೂ ಸೊಳ್ಳೆ ಮರಿಗಳು ಕಿಕ್ಕಿರಿದಿದ್ದವು. ಒಂದರಲ್ಲಿ ಮಾತ್ರ ಒಂದೇ ಒಂದು ಮರಿ, ದಪ್ಪಗೆ, ಕೆಂಪು ಕಂದು ಬಣ್ಣ. ಪಕ್ಕದ ಕಪ್‌ನಿಂದ ನಾಲ್ಕು ಮರಿ ಅದಕ್ಕೆ ಸುರಿದೆ. ಅಲುಗಾಡದೆ ಕೂತಿತ್ತು. ಒಂದು ಹತ್ತಿರ ಬಂದದ್ದೇ ತಡ, ತಟ್ಟನೆ ತಿರುಗಿ ಕಚ್ಚಿ ಹಿಡಿಯಿತು! ಹುಡುಕಿದೆ, ಹೆಸರು ಟಾಕ್ಸೋರಿಂಕೈಟಿಸ್. ದೊಡ್ಡದಾದ ಮೇಲೂ ರಕ್ತ ಹೀರುವುದಿಲ್ಲ, ಹೂವಿನ ಮಕರಂದವೇ ಊಟ. ಇದನ್ನೇ ಸಾಕಿ ಊರೂರಿಗೆ ಬಿಟ್ಟರೆ ಡೆಂಗಿ ಇಳಿಯಲ್ವಾ?

ಕೀಟಶಾಸ್ತ್ರದ ವಿದ್ಯಾರ್ಥಿನಿ: ನೀವು ನೋಡಿದ್ದು ಅದೇ ಇರಬೇಕು ಸರ್. ನಮ್ಮ ಕಡೆ ಸ್ಪ್ಲೆಂಡೆನ್ಸ್ ಜಾತಿ ಸಿಗುತ್ತದೆ. ಒಂದು ಮರಿ ಬೆಳೆಯುವಷ್ಟರಲ್ಲಿ ನೂರಾರು ಮರಿಗಳನ್ನು ಮುಗಿಸುತ್ತದೆ. ಪ್ಯೂಪಾ, ಅಂದರೆ ರೆಕ್ಕೆ ಬರುವ ಮುಂಚಿನ ಕೋಶದ ಹಂತ, ಆಗುವ ಮುಂಚೆ ಹಸಿವಿಲ್ಲದಿದ್ದರೂ ಕೊಲ್ಲುತ್ತದೆ. ಆದರೆ ಸಾಕುವುದು ಕಷ್ಟ. ಒಂದೇ ಪಾತ್ರೆಯಲ್ಲಿ ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ. ತಿನ್ನಿಸಲು ಬೇರೆ ಸೊಳ್ಳೆ ಮರಿಗಳನ್ನೂ ರಾಶಿ ರಾಶಿ ಬೆಳೆಸಬೇಕು.

ಬೆಂಗಳೂರಿನ ಬಾಡಿಗೆದಾರ: ನನ್ನ ಮಗಳಿಗೆ ಹೋದ ವರ್ಷ ಡೆಂಗಿ ಬಂತು. ಮನೆಯೊಳಗಿನ ಡ್ರಮ್ಮಿನಲ್ಲೇ ಮರಿಗಳಿದ್ದವು. ಈ ಸೊಳ್ಳೆ ಅಲ್ಲಿಗೆ ಬಂದು ಮೊಟ್ಟೆ ಇಡುತ್ತದಾ?

ಕೀಟಶಾಸ್ತ್ರದ ವಿದ್ಯಾರ್ಥಿನಿ: ಬರುವುದು ಕಡಿಮೆ. ಇದಕ್ಕೆ ಮರದ ನೆರಳು ಬೇಕು. ಪೊಟರೆ, ಬಿದಿರಿನ ಬೊಡ್ಡೆ, ಹಳೇ ಟೈರು ಇಷ್ಟ. ಹಾರುತ್ತಲೇ ನೀರಿಗೆ ಮೊಟ್ಟೆ ಚಿಮ್ಮಿಸುತ್ತದೆ. ಡ್ರಮ್ಮಿಗೆ ಬಿಗಿಯಾದ ಮುಚ್ಚಳವೇ ಸರಿ.

ಹಳೇ ಹೆಲ್ತ್ ಇನ್ಸ್‌ಪೆಕ್ಟರ್: ಹಾಗಂತ ಸುಮ್ನೆ ತಳ್ಳಿಹಾಕಬೇಡಿ. 1980ರ ದಶಕದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಇದೇ ಕುಲದ ಹೆಣ್ಣು ಸೊಳ್ಳೆಗಳನ್ನು ವಾರವಾರ ಬಿಟ್ಟರು. ಡೆಂಗಿ ಹರಡುವ ಏಡಿಸ್ ಈಜಿಪ್ಟಿ ಸೊಳ್ಳೆ ಸುಮಾರು ಅರ್ಧಕ್ಕೆ ಇಳಿಯಿತು. ಮ್ಯಾಲಥಿಯಾನ್ ಎಂಬ ಕೀಟನಾಶಕ ಕೂಡ ಹೊಡೆದಾಗ ಇನ್ನೂ ಜಾಸ್ತಿ ಇಳಿಯಿತು. ನಾವು ಮಲೇರಿಯಾಕ್ಕೆ ಬಾವಿಗಳಿಗೆ ಗಪ್ಪಿ ಮೀನು ಬಿಡುತ್ತಿದ್ದೆವು, ಕೆಲಸ ಮಾಡಿತು. ಆದರೆ ಗೆರಟೆಯಲ್ಲಿ, ಅಡಿಕೆ ಹಾಳೆಯಲ್ಲಿ ಮೀನು ಬದುಕುತ್ತದಾ? ಅಲ್ಲಿಗೆ ಇದೇ ಬೇಕು.

ಮಲೆನಾಡ ಹುಡುಗಿ: ಹೊರಗಿನ ಜಾತಿ ಮಾತ್ರ ತರಬೇಡಿ, ದಯವಿಟ್ಟು. 1928ರಲ್ಲಿ ಸೊಳ್ಳೆಗೆಂದು ಗ್ಯಾಂಬೂಸಿಯಾ ಮೀನು ತಂದರು. ಅದು ಕಪ್ಪೆ ಮರಿ, ನಮ್ಮ ಸಣ್ಣ ಮೀನಿನ ಮರಿಗಳನ್ನೂ ತಿನ್ನುತ್ತದೆ. ಇಲ್ಲೇ ಇರುವುದನ್ನು ಉಳಿಸಿಕೊಂಡರೆ ಸಾಕು. ಪೊಟರೆಗೆಲ್ಲ ಔಷಧಿ ಹೊಡೆದರೆ ಇವೂ ಸಾಯುತ್ತವೆ.

ಕೀಟಶಾಸ್ತ್ರದ ವಿದ್ಯಾರ್ಥಿನಿ: ನಿಜ. ಇನ್ನೊಂದು ವಿಷಯ, ಇದು ಬೆಳೆಯುವುದು ನಿಧಾನ. ಎರಡು ವಾರದ ಮೇಲೆ ಬೇಕು. ಬಿಸಿಲುಗಾಲದಲ್ಲಿ ಏಡಿಸ್ ವಾರ ಹತ್ತು ದಿನಕ್ಕೆಲ್ಲ ಹಾರಿಬಿಡುತ್ತದೆ. ಹಾಗಾಗಿ ತೋಟದ ಕಪ್ ಕವುಚುವ ಕೆಲಸ ತಪ್ಪಿದ್ದಲ್ಲ ಸರ್.

ಸುಳ್ಯದ ತೋಟದವ: ನಾಳೆಯೇ ಎಲ್ಲ ಕವುಚುತ್ತೇನೆ. ಆದರೆ ಆ ದಪ್ಪ ಮರಿಯನ್ನು ನೆಲಕ್ಕೆ ಚೆಲ್ಲಲು ಮನಸ್ಸು ಬರುತ್ತಿಲ್ಲ.

ಕೀಟಶಾಸ್ತ್ರದ ವಿದ್ಯಾರ್ಥಿನಿ: ಚೆಲ್ಲಬೇಡಿ. ನೀರು ನಿಂತ ಮರದ ಪೊಟರೆ ಇದೆಯಾ?

ಸುಳ್ಯದ ತೋಟದವ: ಹಳೇ ಹಲಸಿನ ಮರದಲ್ಲಿ ಒಂದಿದೆ.

ಕೀಟಶಾಸ್ತ್ರದ ವಿದ್ಯಾರ್ಥಿನಿ: ನೀರಿನ ಸಮೇತ ಅಲ್ಲಿಗೆ ಸುರಿಯಿರಿ. ಒಂದನ್ನೇ.