ಕಂಪ್ಯಾನಿಯನ್ ಬುಕ್‌ಗೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ಪುಟ್ಟ ಲೈಬ್ರರಿಯ ಮಕ್ಕಳ ಕಪಾಟಿಗೆ ಕನ್ನಡದಲ್ಲಿ ಚೀಟಿ ಬರೆದು ಅಂಟಿಸುತ್ತಿದ್ದೇನೆ. ಕತೆ, ಕಾದಂಬರಿ, ವಿಜ್ಞಾನ ಎಲ್ಲ ಸಲೀಸಾಗಿ ಆಯಿತು. ಒಂದು ಸಾಲಿನ ಮುಂದೆ ಮಾತ್ರ ಪೆನ್ನು ನಿಂತುಬಿಟ್ಟಿತು. ಇಂಗ್ಲಿಷಿನವರು ಕಂಪ್ಯಾನಿಯನ್ ಬುಕ್ ಅನ್ನುವಂಥವು ಅಲ್ಲಿವೆ. ಇವುಗಳಲ್ಲಿ ಮೂಲ ಕಾದಂಬರಿಯ ಕತೆ ಮುಂದುವರಿಯುವುದಿಲ್ಲ. ಆ ಮಾಯಾಲೋಕದ ಪ್ರಾಣಿಗಳು, ವಂಶಗಳು, ಹಳೆಯ ಚರಿತ್ರೆ, ಆಟಪಾಠ ಇರುತ್ತವೆ.

‘ಕೈಪಿಡಿ’ ಅಂದ ಕೂಡಲೇ ನನಗೆ ಮಿಕ್ಸಿ ಡಬ್ಬದಲ್ಲಿ ಮಡಿಚಿಟ್ಟ ಕಾಗದ ನೆನಪಾಗುತ್ತದೆ. ‘ಗೈಡ್’ ಬೇಡವೇ ಬೇಡ, ಪರೀಕ್ಷೆ ಅಂದುಕೊಂಡು ಮಕ್ಕಳು ಓಡಿಹೋಗುತ್ತಾರೆ. ‘ಅನುಬಂಧ’ ಹತ್ತಿರ ಬರುತ್ತದೆ. ಆದರೆ ಅದು ಅದೇ ಪುಸ್ತಕದ ಕೊನೆಗೆ ಅಂಟಿಕೊಂಡಿರುವಂಥದ್ದು. ‘ಲಾರ್ಡ್ ಆಫ್ ದ ರಿಂಗ್ಸ್’ನ ಮೂರನೇ ಸಂಪುಟದ ಹಿಂದೆ 1955ರಲ್ಲಿ ಟೋಲ್ಕಿನ್ ವಂಶಾವಳಿ, ಪಂಚಾಂಗ, ಲಿಪಿ ಅಂತ ಸೇರಿಸಿದ್ದು ಅನುಬಂಧ, ಸರಿ. ಅವರು ತೀರಿಕೊಂಡ ನಾಲ್ಕು ವರ್ಷಕ್ಕೆ, 1977ರಲ್ಲಿ, ಮಗ ಕ್ರಿಸ್ಟೋಫರ್ ಅಪ್ಪನ ಹಸ್ತಪ್ರತಿಗಳನ್ನು ಜೋಡಿಸಿ ತಂದ, ಅದೇ ಲೋಕದ ಹಳೆಯ ಚರಿತ್ರೆ ಹೇಳುವ ‘ಸಿಲ್ಮರಿಲಿಯನ್’ ಬೇರೆಯೇ ಪುಸ್ತಕ. ಅದನ್ನೂ ಅನುಬಂಧ ಅಂದರೆ ಹೇಗೆ?

ಸಂಸ್ಕೃತದಲ್ಲಿ ‘ಖಿಲ’ ಅಂತ ಒಂದು ಪದವಿದೆ, ಮೂಲ ಕೃತಿಗೆ ಪೂರಕವಾಗಿ ಸೇರಿದ ಭಾಗ ಅಂತ. ಹರಿವಂಶವನ್ನು ಮಹಾಭಾರತದ ಖಿಲ ಅನ್ನುತ್ತಾರೆ. ಮಹಾಭಾರತದಲ್ಲಿ ವಿಸ್ತಾರವಾಗಿ ಬಾರದ ಕೃಷ್ಣನ ಬಾಲ್ಯ ಅಲ್ಲಿದೆ. ನಮಗೆ ಬೇಕಾದ ಅರ್ಥವೇ ಅಲ್ವಾ? ಆದರೆ ಕನ್ನಡದಲ್ಲಿ ‘ಖಿಲವಾಗಿದೆ’ ಅಂದರೆ ಹಾಳಾಗಿದೆ, ಈಗ ಸಿಗುವುದಿಲ್ಲ ಅಂತ. ರನ್ನನ ‘ಪರಶುರಾಮಚರಿತ’ದಂಥ ಕೃತಿಗಳಿಗೆ ಆ ಮಾತು. ಕಪಾಟಿನ ಮೇಲೆ ‘ಖಿಲ ಪುಸ್ತಕಗಳು’ ಅಂತ ಬರೆದರೆ ಗೆದ್ದಲು ತಿಂದವು ಅಂದುಕೊಂಡಾರು.

ಇನ್ನೊಂದು ತೊಡಕು. ರೌಲಿಂಗ್ 2001ರಲ್ಲಿ ಕಾಮಿಕ್ ರಿಲೀಫ್ ಸಂಸ್ಥೆಯ ಸಹಾಯಾರ್ಥ ‘ಫೆಂಟಾಸ್ಟಿಕ್ ಬೀಸ್ಟ್ಸ್’ ಬರೆದರಲ್ಲ, ಅದು ಹ್ಯಾರಿ ಪಾಟರ್ ಶಾಲೆಯಲ್ಲಿ ಓದುವ ಪಠ್ಯಪುಸ್ತಕವೇ. ಬರೆದವನು ನ್ಯೂಟ್ ಸ್ಕಮ್ಯಾಂಡರ್ ಅನ್ನುವ ಕಲ್ಪಿತ ಪಂಡಿತ. ಅಂಚಿನಲ್ಲಿ ಹ್ಯಾರಿ ಮತ್ತು ರಾನ್ ಗೀಚಿದ ತರಲೆ ಮಾತುಗಳಿವೆ. ಇಂಥದ್ದು ಕತೆಯ ಬಗ್ಗೆ ಹೇಳುವ ಪುಸ್ತಕವಲ್ಲ, ಕತೆಯೊಳಗಿಂದಲೇ ಎದ್ದುಬಂದ ಪುಸ್ತಕ. ಎರಡಕ್ಕೂ ಒಂದೇ ಹೆಸರು ಸಾಕಾ?

ಅಚ್ಚಗನ್ನಡದ ಗೆಳೆಯರೊಬ್ಬರು ‘ಒಡಹೊತ್ತಗೆ’ ಅಂದರು. ಒಡಹುಟ್ಟು, ಒಡನಾಡಿ ಇದ್ದಹಾಗೆ ಕಟ್ಟೇನೋ ಚೆನ್ನಾಗಿದೆ. ಆದರೆ ‘ಹೊತ್ತಗೆ’ ಅಂದರೆ ಪುಸ್ತಕ ಅಂತ ಎಷ್ಟು ಮಕ್ಕಳಿಗೆ ಗೊತ್ತು? ನನ್ನ ಅಕ್ಕನ ಮಗಳು ‘ಕೊಸರು’ ಅಂದಳು. ಸೊಪ್ಪಿನವರು ಕಟ್ಟಿನ ಮೇಲೆ ಎರಡೆಳೆ ಕೊತ್ತಂಬರಿ ಜಾಸ್ತಿ ಹಾಕುತ್ತಾರಲ್ಲ, ಅದು. ನನಗೆ ಬಹಳ ಹಿಡಿಸಿತು. ಆದರೆ ಕೊಸರು ಬಿಟ್ಟಿ ಬರಬೇಕು, ಈ ಪುಸ್ತಕಗಳಿಗೆ ದುಡ್ಡು ಕೊಟ್ಟಿದ್ದೇವೆ!

ಸದ್ಯಕ್ಕೆ ‘ಜೊತೆಪುಸ್ತಕ’ ಅಂತ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಕಡೆ ಇದಕ್ಕಿಂತ ಒಳ್ಳೆಯ ಮಾತಿದ್ದರೆ ತಿಳಿಸಿ, ಅಳಿಸಲು ರಬ್ಬರ್ ಇದೆ.