ಭಾಷೆಗೆ ಕೆಲಸ ಕೊಟ್ಟವರ ಕೇರಿ

ಒಂಬತ್ತು ವರ್ಷದ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತದೆ, ಏನು ಮಾಡಲಿ ಎಂದು ಕಳೆದ ವಾರ ನಮ್ಮ ಕನ್ನಡ ಕೂಟದ ಈ ಗುಂಪಿನಲ್ಲಿ ಒಬ್ಬ ತಾಯಿ ಕೇಳಿದ್ದರು. ವಾರಾಂತ್ಯದ ತರಗತಿಗೆ ಸೇರಿಸಿ, ರಜೆಯಲ್ಲಿ ಊರಿಗೆ ಕಳುಹಿಸಿ, ಮನೆಯಲ್ಲಿ ಇಂಗ್ಲಿಷ್ ಮಾತಿಗೆ ಓಗೊಡಬೇಡಿ ಎಂದು ಹಲವರು ಸಲಹೆ ಕೊಟ್ಟಿದ್ದೀರಿ. ಒಳ್ಳೆಯ ಸಲಹೆಗಳೇ. ನಾನು ಸ್ವಲ್ಪ ಸುತ್ತುಬಳಸಿನ ಉತ್ತರ ಕೊಡುತ್ತೇನೆ. ನ್ಯೂಜೆರ್ಸಿಯ ನಾವು ಕೆಲವು ಮನೆಯವರು ಮಕ್ಕಳನ್ನು ಕರೆದುಕೊಂಡು ಮ್ಯಾನ್‌ಹಾಟನ್ನಿನ ಲೋಯರ್ ಈಸ್ಟ್ ಸೈಡ್‌ನ ಹಳೆಯ ಯಹೂದಿ ಕೇರಿಯನ್ನು ನೋಡಲು ಹೋಗಿದ್ದೆವು. ಅಲ್ಲಿ ಕಂಡದ್ದೆಲ್ಲ ಆ ತಾಯಿಯ ಪ್ರಶ್ನೆಗೇ ಬಂದು ಸೇರುತ್ತದೆ.

1881ರಲ್ಲಿ ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಹತ್ಯೆಯಾಯಿತು. ಅದರ ಬೆನ್ನಿಗೇ ಅಲ್ಲಿನ ಯಹೂದಿಗಳ ಮೇಲೆ ದಾಳಿಗಳು ಶುರುವಾದವು. ಬಡತನ ಮೊದಲೇ ಇತ್ತು. 1924ರ ಹೊತ್ತಿಗೆ ಪೂರ್ವ ಯುರೋಪಿನಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಯಹೂದಿಗಳು ಅಮೆರಿಕಕ್ಕೆ ಬಂದಿಳಿದಿದ್ದರು, ಅವರಲ್ಲಿ ಅಸಂಖ್ಯ ಜನ ಮೊದಲು ಸೂರು ಹುಡುಕಿದ್ದು ಈ ಕೆಲವೇ ಬೀದಿಗಳಲ್ಲಿ. 97 ಆರ್ಚರ್ಡ್ ಸ್ಟ್ರೀಟ್‌ನಲ್ಲಿ 1863ರಲ್ಲಿ ಕಟ್ಟಿದ ಬಾಡಿಗೆ ಕಟ್ಟಡವೊಂದು ಈಗ ಟೆನೆಮೆಂಟ್ ಮ್ಯೂಸಿಯಂ ಆಗಿದೆ. ಮೂರು ಕೋಣೆಯ ಒಂದೊಂದು ಮನೆಯೂ ಸುಮಾರು 325 ಚದರ ಅಡಿ. 1890ರ ದಶಕದಲ್ಲಿ ಅಲ್ಲಿದ್ದ ಲೆವಿನ್ ಕುಟುಂಬದ ಮನೆಯನ್ನು ತೋರಿಸುತ್ತಾರೆ. ಬೆಳಕು ಬರುವ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ನಡುವೆ ಅಡುಗೆಮನೆ, ಅಡುಗೆಯ ಒಲೆಯ ಮೇಲೇ ಇಸ್ತ್ರಿ ಪೆಟ್ಟಿಗೆ ಕಾಯಿಸುವುದು. ಮನೆ, ಕಾರ್ಖಾನೆ ಎರಡೂ ಅದೇ. ಇಲ್ಲಿ ಮಕ್ಕಳು ಎಲ್ಲಿ ಮಲಗುತ್ತಿದ್ದರು ಎಂದು ನನ್ನ ಮಗಳು ಕೇಳಿದಳು. ನಮ್ಮ ಗುಂಪಿನ ದೊಡ್ಡವರು ಯಾರೂ ಒಂದು ಕ್ಷಣ ಮಾತಾಡಲಿಲ್ಲ. ಎರಡು ಸೂಟ್‌ಕೇಸ್ ಹಿಡಿದು ಬಂದೆವು ಎಂದು ನಾವು ಮಕ್ಕಳ ಮುಂದೆ ಹೇಳಿಕೊಳ್ಳುವ ಕಷ್ಟದ ಕಥೆಯನ್ನು ಆ ಕೋಣೆಯಲ್ಲಿ ನಿಂತು ಹೇಳಲು ಬಾಯಿ ಬರುವುದಿಲ್ಲ.

ಅಲ್ಲಿಂದ ನಡೆದುಹೋದರೆ ಎಲ್ಡ್ರಿಡ್ಜ್ ಸ್ಟ್ರೀಟ್ ಸಿನಗಾಗ್. 1887ರಲ್ಲಿ ಬಾಗಿಲು ತೆರೆದ ಈ ಪ್ರಾರ್ಥನಾ ಮಂದಿರ ಈಗ ಚೈನಾಟೌನಿನ ಅಂಗಡಿಗಳ ನಡುವೆ ಎತ್ತರಕ್ಕೆ ನಿಂತಿದೆ. ಪೂರ್ವ ಯುರೋಪಿನಿಂದ ಬಂದವರೇ ಹಣ ಕೂಡಿಸಿ ಹೊಸದಾಗಿ ಕಟ್ಟಿಸಿದ್ದು. ಒಳಗೆ ಬಣ್ಣದ ಗಾಜು, ಹಿತ್ತಾಳೆಯ ದೀಪಗೊಂಚಲು, ಚಿತ್ತಾರದ ಛಾವಣಿ ಎಲ್ಲವೂ ಇವೆ, ಆದರೆ ಮಕ್ಕಳನ್ನು ಹಿಡಿದು ನಿಲ್ಲಿಸಿದ್ದು ನೆಲ. ಬೆಂಚುಗಳ ನಡುವಿನ ಮರದ ಹಲಗೆಗಳಲ್ಲಿ ಸಣ್ಣ ಸಣ್ಣ ಗುಳಿಗಳಿವೆ. ಪ್ರಾರ್ಥನೆ ಮಾಡುವಾಗ ಮೈ ಹಿಂದಕ್ಕೂ ಮುಂದಕ್ಕೂ ತೂಗುವುದು ಅವರ ಪದ್ಧತಿ. ಅದೇ ಜಾಗದಲ್ಲಿ, ಅವೇ ಕಾಲುಗಳು, ವರ್ಷಗಟ್ಟಲೆ ಊರಿ ಊರಿ ಮರ ಸವೆದಿದೆ. ಜೀರ್ಣೋದ್ಧಾರ ಮಾಡಿದವರು ಆ ಹಲಗೆಗಳನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ನನ್ನ ಮಗ ತನ್ನ ಶೂ ಬಿಚ್ಚಿ ಒಂದು ಗುಳಿಯಲ್ಲಿ ಪಾದ ಇಟ್ಟು ನೋಡಿದ. ಯಾರೂ ಬೇಡ ಎನ್ನಲಿಲ್ಲ.

ಈ ಮಂದಿರದ ಮೊದಲ ಅಧ್ಯಕ್ಷ ಸೆಂಡರ್ ಜಾರ್ಮುಲೋವ್ಸ್ಕಿ. ವಲಸಿಗರಿಗೆ ಹಡಗಿನ ಟಿಕೆಟ್ ಮಾರುವ ವ್ಯಾಪಾರದಿಂದ ಮೇಲೆ ಬಂದವರು. 1873ರಲ್ಲಿ ಇಲ್ಲಿ ಬ್ಯಾಂಕ್ ತೆರೆದರು. ಊರಲ್ಲಿ ಉಳಿದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಕಂತಿನಲ್ಲಿ ಟಿಕೆಟ್ ಕೊಳ್ಳುತ್ತಿದ್ದ ದುಡಿಯುವ ಜನವೇ ಅಂಥ ಬ್ಯಾಂಕುಗಳ ಗಿರಾಕಿಗಳು. 1912ರಲ್ಲಿ ಕೆನಾಲ್ ಸ್ಟ್ರೀಟಿನ ಮೂಲೆಯಲ್ಲಿ ಹನ್ನೆರಡು ಅಂತಸ್ತಿನ ಕಟ್ಟಡ ಎದ್ದಿತು, ಅದೇ ವರ್ಷ ಅವರು ತೀರಿಕೊಂಡರು. 1914ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾದಾಗ ಬಂಧುಗಳಿಗೆ ಹಣ ಕಳುಹಿಸಲು ಠೇವಣಿದಾರರೆಲ್ಲ ಒಮ್ಮೆಲೇ ನುಗ್ಗಿದರು, ಬ್ಯಾಂಕ್ ಮುಳುಗಿತು. ಆ ಕಟ್ಟಡ ಈಗ ಹೋಟೆಲ್ ಆಗಿದೆ.

ಇಂಥ ದೊಡ್ಡ ಮನುಷ್ಯರಿಗಿಂತ ನನಗೆ ಮುಖ್ಯವೆನಿಸಿದವರು ಬೇರೆ. ಸಾಮಾನ್ಯ ವಲಸಿಗರು ತಾವು ಬಿಟ್ಟುಬಂದ ಊರಿನ ಹೆಸರಿನಲ್ಲಿ ಸಂಘ ಕಟ್ಟುತ್ತಿದ್ದರು. ಲ್ಯಾಂಡ್ಸ್‌ಮನ್‌ಶಾಫ್ಟ್ ಎಂಬ ಈ ಊರಸಂಘಗಳು ನ್ಯೂಯಾರ್ಕಿನಲ್ಲಿ ಸಾವಿರಾರು ಇದ್ದವು. ಇಂದಿನ ಪೋಲೆಂಡಿನ ಬಿಯಾಲಿಸ್ಟಾಕ್ ಊರಿನಿಂದ ಬಂದವರು 1905ರಲ್ಲಿ ವಿಲೆಟ್ ಸ್ಟ್ರೀಟಿನಲ್ಲಿ 1826ರ ಹಳೆಯ ಮೆಥಡಿಸ್ಟ್ ಚರ್ಚೊಂದನ್ನು ಕೊಂಡು ತಮ್ಮ ಮಂದಿರ ಮಾಡಿಕೊಂಡರು. ಅದು ಇಂದಿಗೂ ಇದೆ. ಮುಂದೆ ಅವರೇ ಮುದುಕರಿಗೊಂದು ಆಶ್ರಯಧಾಮವನ್ನೂ ಕಟ್ಟಿದರು. ವಾರಕ್ಕೋ ತಿಂಗಳಿಗೋ ಸಣ್ಣ ಚಂದಾ ಕೊಟ್ಟರೆ ಇಂಥ ಸಂಘ ವೈದ್ಯರನ್ನು ಗೊತ್ತುಮಾಡುತ್ತಿತ್ತು, ಕಾಯಿಲೆ ಬಿದ್ದವನ ಮನೆಗೆ ಖರ್ಚು ಕೊಡುತ್ತಿತ್ತು, ಸತ್ತರೆ ಮಣ್ಣು ಮಾಡಲು ಸ್ಮಶಾನದಲ್ಲಿ ಜಾಗ ಕೊಂಡಿಟ್ಟಿರುತ್ತಿತ್ತು. 1892ರಲ್ಲಿ ಹೆನ್ರಿ ಸ್ಟ್ರೀಟಿನ ಒಂದು ಮಂದಿರದಲ್ಲಿ ಕೆಲವರು ಸೇರಿ 95 ಡಾಲರ್ ಮೂಲಧನ ಹಾಕಿ ಹೀಬ್ರೂ ಫ್ರೀ ಲೋನ್ ಸೊಸೈಟಿ ಆರಂಭಿಸಿದರು. ಬಡ್ಡಿಯಿಲ್ಲದ ಸಾಲ. ಅದು ಇಂದಿಗೂ ನಡೆಯುತ್ತಿದೆ, ಯಾವ ಧರ್ಮದ ನ್ಯೂಯಾರ್ಕಿಗರಿಗೂ ಸಾಲ ಕೊಡುತ್ತದೆ.

ನನ್ನ ಮಾತಿನ ಮುಖ್ಯ ಎಳೆ ಇಲ್ಲಿದೆ. ಆ ಊರಸಂಘಗಳ ನಿಯಮಾವಳಿ, ನಡಾವಳಿ ಪುಸ್ತಕ, ಜಗಳ, ರಾಜಿ ಎಲ್ಲ ಬಹುಮಟ್ಟಿಗೆ ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾದ ಯಿಡ್ಡಿಷ್ ಭಾಷೆಯಲ್ಲಿ ನಡೆಯುತ್ತಿದ್ದವು. ಅಪ್ಪನಿಗೆ ಕಾಯಿಲೆಯಾದರೆ ಹಣ ತರಬೇಕಾದದ್ದು ಆ ಭಾಷೆ ಆಡುವ ಜಾಗದಿಂದ. ಈಸ್ಟ್ ಬ್ರಾಡ್‌ವೇಯಲ್ಲಿ ಇಂದಿಗೂ ಎದ್ದು ಕಾಣುವ ಹತ್ತು ಅಂತಸ್ತಿನ ಫಾರ್ವರ್ಡ್ ಪತ್ರಿಕೆಯ ಕಟ್ಟಡವೂ ಇದೇ ಮಾತು ಹೇಳುತ್ತದೆ. 1897ರಲ್ಲಿ ಹುಟ್ಟಿದ ಆ ಯಿಡ್ಡಿಷ್ ಪತ್ರಿಕೆಯನ್ನು ಬೆಳೆಸಿದ ಸಂಪಾದಕ ಅಬ್ರಹಾಂ ಕಹಾನ್ 1906ರಲ್ಲಿ ಓದುಗರ ಪತ್ರಗಳ ಅಂಕಣವೊಂದನ್ನು ತೆರೆದರು. ಬಿಟ್ಟುಹೋದ ಗಂಡ, ಮಾತು ಕೇಳದ ಮಗ, ಬೇರೆ ಧರ್ಮದ ಹುಡುಗಿಯನ್ನು ಪ್ರೀತಿಸಿದ ಯುವಕ, ಎಲ್ಲರೂ ಅಲ್ಲಿಗೆ ಬರೆದರು. ನಮ್ಮ ಈ ಗುಂಪಿನಲ್ಲಿ ನಾವು ಕೇಳುತ್ತಿರುವುದೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳನ್ನು.

ಆದರೆ ಅದೇ ಕಹಾನ್ ತಮ್ಮ ಓದುಗರಿಗೆ ಇಂಗ್ಲಿಷ್ ಕಲಿಯಿರಿ, ಅಮೆರಿಕದವರಾಗಿ ಎಂದೂ ಹೇಳಿದರು. ಅದೇ ಬೀದಿಯಲ್ಲಿ 1889ರಿಂದ ನಡೆದುಬಂದ ಎಜುಕೇಷನಲ್ ಅಲಯನ್ಸ್ ಎಂಬ ಸಂಸ್ಥೆ ಮಕ್ಕಳಿಗೆ ಇಂಗ್ಲಿಷ್ ಕಲಿಸಿತು, ಮೊದಲ ವರ್ಷಗಳಲ್ಲಿ ಯಿಡ್ಡಿಷನ್ನು ದೂರವೇ ಇಟ್ಟಿತು. ತಪ್ಪೆಂದು ನಾನು ಹೇಳಲಾರೆ, ಹೊಟ್ಟೆಪಾಡು ಮೊದಲು. ದೇಶವಾರು ಕೋಟಾ ಇಟ್ಟ 1924ರ ವಲಸೆ ಕಾನೂನು ಹೊಸಬರು ಬರುವ ಬಾಗಿಲನ್ನು ಬಹುತೇಕ ಮುಚ್ಚಿತು. ಮಕ್ಕಳು ಓದಿ ಬ್ರಾಂಕ್ಸ್, ಬ್ರೂಕ್ಲಿನ್ ಕಡೆ ಹೋದರು. ಸಾಲ ಬ್ಯಾಂಕಿನಿಂದ ಬಂತು, ವಿಮೆ ಕಂಪನಿಯಿಂದ ಬಂತು. ಮಾಡಲು ಕೆಲಸವಿಲ್ಲದೆ ಹೋದ ಭಾಷೆ ಅಜ್ಜಿಯ ಅಡುಗೆಮನೆಗೆ ಸೇರಿತು. ಎಲ್ಡ್ರಿಡ್ಜ್ ಸ್ಟ್ರೀಟಿನ ದೊಡ್ಡ ಸಭಾಂಗಣಕ್ಕೆ ದಶಕಗಳ ಕಾಲ ಬೀಗ ಬಿತ್ತು, 2007ರಲ್ಲಷ್ಟೇ ಜೀರ್ಣೋದ್ಧಾರ ಮುಗಿಯಿತು. ಅದೇ ಯಿಡ್ಡಿಷ್ ಬ್ರೂಕ್ಲಿನ್ನಿನ ವಿಲಿಯಮ್ಸ್‌ಬರ್ಗ್‌ನಲ್ಲಿ ಹಸೀದಿ ಎಂಬ ಸಂಪ್ರದಾಯನಿಷ್ಠ ಯಹೂದಿ ಪಂಥದ ಮಕ್ಕಳ ಬಾಯಲ್ಲಿ ಇಂದಿಗೂ ಸಲೀಸಾಗಿದೆ, ಏಕೆಂದರೆ ಅಲ್ಲಿ ಶಾಲೆ, ಅಂಗಡಿ, ನೋಟಿಸ್ ಬೋರ್ಡ್ ಎಲ್ಲದರಲ್ಲೂ ಅದಕ್ಕೆ ಕೆಲಸವಿದೆ. ನಾವು ಅವರಂತೆ ಪ್ರತ್ಯೇಕವಾಗಿ ಬದುಕಲಾರೆವು, ಬದುಕಬೇಕೆಂದೂ ನನಗಿಲ್ಲ. ಭಾಷೆಗೆ ಕೆಲಸ ಕೊಡುವುದನ್ನು ಮಾತ್ರ ಕಲಿಯಬಹುದು.

ಮಕ್ಕಳಿಗೆ ದಾರಿಯಲ್ಲಿ ಹೇಳಿದ ಇನ್ನೊಂದು ಸಂಗತಿಯನ್ನು ಇಲ್ಲೂ ಹೇಳಿಬಿಡುತ್ತೇನೆ. 1924ರ ಆ ಕಾನೂನನ್ನು ಸಂಸತ್ತಿನಲ್ಲಿ ವಿರೋಧಿಸಿದವರಲ್ಲಿ ಬ್ರೂಕ್ಲಿನ್ನಿನ ಹೊಸ ಯಹೂದಿ ಸದಸ್ಯ ಇಮ್ಯಾನುಯೆಲ್ ಸೆಲರ್ ಒಬ್ಬರು. ಆಗ ಸೋತರು. 1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕು ಮತ್ತು ವರ್ಷಕ್ಕೆ ನೂರು ಜನರ ಪ್ರವೇಶ ಕೊಟ್ಟ ಕಾನೂನಿನಲ್ಲಿ ಅವರ ಹೆಸರಿದೆ. 1965ರಲ್ಲಿ ದೇಶವಾರು ಕೋಟಾ ಪದ್ಧತಿಯನ್ನೇ ಕಿತ್ತುಹಾಕಿದ ಕಾನೂನಿನಲ್ಲೂ ಅವರ ಹೆಸರಿದೆ. ಬೆಂಗಳೂರಿನಿಂದ, ಮೈಸೂರಿನಿಂದ, ಧಾರವಾಡದಿಂದ ವೈದ್ಯರು, ಇಂಜಿನಿಯರುಗಳು ಇಲ್ಲಿಗೆ ಬಂದು ಕನ್ನಡ ಕೂಟಗಳನ್ನು ಕಟ್ಟಿದ್ದು ಆ ಬಾಗಿಲಿನಿಂದ. ಸೋತು ನಲವತ್ತೊಂದು ವರ್ಷ ಪಟ್ಟುಬಿಡದೆ ನಿಂತವರ ಋಣ ನಮ್ಮ ಮೇಲಿದೆ, ಮಕ್ಕಳಿಗೆ ಅದು ಗೊತ್ತಿರಬೇಕು.

ಈಗ ನಮ್ಮ ವಿಷಯ. ನಮ್ಮ ಮಕ್ಕಳು ರಾಜ್ಯೋತ್ಸವದ ವೇದಿಕೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಭಾವಗೀತೆ ಹಾಡುತ್ತಾರೆ, ನಾವು ಕಣ್ಣು ತುಂಬಿ ಚಪ್ಪಾಳೆ ತಟ್ಟುತ್ತೇವೆ. ಆದರೆ ಯಾರದೋ ಕೆಲಸ ಹೋಗಿ, ಎಚ್‌-1ಬಿ ಎಂಬ ಕೆಲಸದ ವೀಸಾದವರಿಗೆ ಬೇರೆ ಕೆಲಸ ಹುಡುಕಲು ಸಿಗುವ 60 ದಿನದ ಗಡುವು ಓಡುತ್ತಿರುವಾಗ, ಯಾರದೋ ತಂದೆ ಇಲ್ಲಿಗೆ ಬಂದು ಆಸ್ಪತ್ರೆ ಸೇರಿದಾಗ, ಓಡಾಟವೆಲ್ಲ ದೊಡ್ಡವರ ಫೋನಿನಲ್ಲಿ, ಇಂಗ್ಲಿಷಿನಲ್ಲಿ, ಮಕ್ಕಳಿಗೆ ತಿಳಿಯದಂತೆ ಮುಗಿಯುತ್ತದೆ. ನಿಜವಾದ ಕೆಲಸದಿಂದ ಕನ್ನಡವನ್ನೂ ಮಕ್ಕಳನ್ನೂ ಒಟ್ಟಿಗೇ ಹೊರಗಿಟ್ಟಿದ್ದೇವೆ.

ನನ್ನ ಪ್ರಸ್ತಾಪ ಇದು. ಬಡ್ಡಿಯಿಲ್ಲದ ಸಣ್ಣ ಕೈಗಡದ ನಿಧಿಯೊಂದನ್ನು ನಮ್ಮ ಕೂಟದಲ್ಲಿ ಆರಂಭಿಸೋಣ, ಅದರ ನಡಾವಳಿಯನ್ನು ಕನ್ನಡದಲ್ಲಿ ಬರೆಯೋಣ, ಬರೆಯುವ ಕೆಲಸವನ್ನು ಹನ್ನೆರಡು ದಾಟಿದ ಮಕ್ಕಳಿಗೆ ಒಪ್ಪಿಸೋಣ. ಸಾಲ ಪಡೆದವರ ಹೆಸರು ದೊಡ್ಡವರಲ್ಲೇ ಇರಲಿ. ಊರಿನಿಂದ ಬಂದ ಅಜ್ಜ ಅಜ್ಜಿಯರನ್ನು ವೈದ್ಯರ ಬಳಿ ಕರೆದೊಯ್ಯುವಾಗ ಒಬ್ಬ ಮೊಮ್ಮಗಳು ಜೊತೆಗಿರಲಿ, ಅಜ್ಜಿಯ ಮಂಡಿನೋವನ್ನು ಅವಳು ಕೇಳಿ ತಿಳಿದು ಹೇಳಲಿ. ತಪ್ಪು ಕನ್ನಡವಾದರೂ ಆಗಲಿ. ಒಂಬತ್ತು ವರ್ಷದ ಮಗಳಿರುವ ಆ ತಾಯಿಗೆ: ಅವಳು ಇನ್ನೂ ಚಿಕ್ಕವಳು, ಆದರೆ ಊರಿಗೆ ಫೋನ್ ಮಾಡಿ ಅಜ್ಜಿ ಇವತ್ತಿನ ಮಾತ್ರೆ ತೆಗೆದುಕೊಂಡರೇ ಎಂದು ಕೇಳುವ ಹೊಣೆಯನ್ನು ಅವಳಿಗೇ ಬಿಡಿ.

ಹೋಗುವವರಿಗೆ: ಶನಿವಾರ ಬೇಡ, ಎಲ್ಡ್ರಿಡ್ಜ್ ಸ್ಟ್ರೀಟ್ ಮುಚ್ಚಿರುತ್ತದೆ, ಭಾನುವಾರ ಒಳ್ಳೆಯದು. ಟೆನೆಮೆಂಟ್ ಮ್ಯೂಸಿಯಂಗೆ ಮುಂಚೆಯೇ ಟಿಕೆಟ್ ಕಾಯ್ದಿರಿಸಿ. ಪೆನ್ ಸ್ಟೇಷನ್ನಿನಿಂದ ಹೆರಾಲ್ಡ್ ಸ್ಕ್ವೇರ್‌ಗೆ ನಡೆದು ಎಫ್ ರೈಲು ಹಿಡಿದರೆ ಈಸ್ಟ್ ಬ್ರಾಡ್‌ವೇಯಲ್ಲೇ ಇಳಿಯಬಹುದು. ಗ್ರ್ಯಾಂಡ್ ಸ್ಟ್ರೀಟಿನಲ್ಲಿ ಬಿಯಾಲಿಸ್ಟಾಕಿನ ಹೆಸರು ಹೊತ್ತ ಬಿಯಾಲಿ ಎಂಬ ರೊಟ್ಟಿ ಸಿಗುತ್ತದೆ, ನಡುವಿನ ಗುಳಿಯಲ್ಲಿ ಸುಟ್ಟ ಈರುಳ್ಳಿ, ಸಸ್ಯಾಹಾರಿಗಳೂ ತಿನ್ನಬಹುದು. ನಿಧಿಯ ಲೆಕ್ಕಪತ್ರ ತಿಳಿದವರು, ಕಾನೂನು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಇಲ್ಲೇ ಬರೆಯಿರಿ. ಮುಂದಿನ ಸಭೆಗೆ ಕರಡು ಸಿದ್ಧ ಮಾಡುವ ಹೊಣೆ ನನ್ನದು.