ಆಮ್ಲವನ್ನು ಬಟ್ಟಿ ಇಳಿಸಲು ಎಂಥ ಗಾಜಿನ ಉಪಕರಣ ಸೂಕ್ತ?

ಪ್ರಶ್ನೆ:
ನಮಸ್ಕಾರ. ನೀರಿನ ಮಾದರಿಗಳಲ್ಲಿ ಅತ್ಯಲ್ಪ ಪ್ರಮಾಣದ ಕಬ್ಬಿಣವನ್ನು ಅಳೆಯಲು ನಮ್ಮ ಪ್ರಯೋಗಾಲಯಕ್ಕೆ ಶುದ್ಧ ಹೈಡ್ರೋಕ್ಲೋರಿಕ್ ಆಮ್ಲ ಬೇಕಾಗಿದೆ. ಕೈಯಲ್ಲಿರುವ ಸಾಧಾರಣ ದರ್ಜೆಯ ಆಮ್ಲದಲ್ಲಿಯೇ ಕಬ್ಬಿಣವಿದ್ದು ಅದು ಹಳದಿಯಾಗಿ ಕಾಣುವುದರಿಂದ, ಅದನ್ನು ಬಟ್ಟಿ ಇಳಿಸಬೇಕೆಂದಿದ್ದೇವೆ. ಕಪಾಟಿನಲ್ಲಿ ರಬ್ಬರ್ ಬಿರಡೆಗಳಿರುವ ಹಳೆಯ ಉಪಕರಣವೊಂದಿದೆ. ಅದು ಸಾಕಾಗುತ್ತದೆಯೇ?

ಉತ್ತರ 1:
ಖಂಡಿತ ಸಾಲದು. ಬಿಸಿ ಆಮ್ಲದ ಆವಿ ರಬ್ಬರನ್ನು ಕ್ರಮೇಣ ಹಾಳುಮಾಡುತ್ತದೆ. ರಬ್ಬರಿನಿಂದ ಹೊರಬರುವ ಲೋಹಾಂಶವೂ ನಿಮ್ಮ ಆಮ್ಲವನ್ನು ಸೇರುತ್ತದೆ. ಫ್ಲಾಸ್ಕ್, ಆವಿ ಹಾಯುವ ತಲೆಭಾಗ, ಆವಿಯನ್ನು ತಣಿಸಿ ದ್ರವವಾಗಿಸುವ ಕಂಡೆನ್ಸರ್ ಮೂರೂ ಬೋರೋಸಿಲಿಕೇಟ್ ಗಾಜಿನದಾಗಿರಲಿ, ಅವುಗಳ ನಡುವಿನ ಜೋಡಣೆಗಳು ಉಜ್ಜಿ ನುಣುಪುಗೊಳಿಸಿದ ಗಾಜಿನ ಜಾಯಿಂಟ್‌ಗಳಾಗಿರಲಿ. ಸಾಮಾನ್ಯ ಸೋಡಾ ಗಾಜಿಗೆ ಹೋಲಿಸಿದರೆ ಬೋರೋಸಿಲಿಕೇಟ್ ಬಿಸಿಗೆ ಹಿಗ್ಗುವುದು ಸುಮಾರು ಮೂರನೇ ಒಂದು ಪಾಲು ಮಾತ್ರ, ಆದ್ದರಿಂದ ಉಷ್ಣತೆಯ ಏರಿಳಿತಕ್ಕೆ ಅದು ಸುಲಭವಾಗಿ ಬಿರುಕು ಬಿಡುವುದಿಲ್ಲ. ಜಾಯಿಂಟ್‌ಗಳಿಗೆ ಗ್ರೀಸ್ ಹಚ್ಚುವ ಬದಲು ಟೆಫ್ಲಾನ್ ಪ್ಲಾಸ್ಟಿಕ್‌ನ ತೆಳು ಹೊದಿಕೆಗಳನ್ನು ತೊಡಿಸಿದರೆ ಆಮ್ಲಕ್ಕೆ ಕಲ್ಮಶ ಸೇರುವುದಿಲ್ಲ, ಜಾಯಿಂಟ್ ಅಂಟಿಕೊಳ್ಳುವುದೂ ಇಲ್ಲ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಆದರೆ ನನ್ನ ಮಟ್ಟಿಗೆ ಗಾಜಿನ ತಯಾರಿಕೆಗಿಂತ ಅದರ ಈಗಿನ ಸ್ಥಿತಿಯೇ ಮುಖ್ಯ. ಫ್ಲಾಸ್ಕನ್ನು ಬೆಳಕಿಗೆ ಹಿಡಿದು ತಳವನ್ನು ನಿಧಾನವಾಗಿ ತಿರುಗಿಸಿ ನೋಡಿ: ಒಂದು ಬಿಂದುವಿನಿಂದ ನಕ್ಷತ್ರದಂತೆ ಹರಡಿದ ಸೂಕ್ಷ್ಮ ಬಿರುಕು ಕಂಡರೆ ಅದನ್ನು ಬಿಸಿಮಾಡಲೇಬೇಡಿ, ಏಕೆಂದರೆ ಅದು ಒಡೆಯುವ ಹೊತ್ತಿಗೆ ಒಳಗಿರುವುದು ಕುದಿಯುವ ಆಮ್ಲ. ಫ್ಲಾಸ್ಕನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಆಮ್ಲವು ಒಮ್ಮೆಗೇ ಉಕ್ಕದಂತೆ ಕುದಿಗಲ್ಲುಗಳನ್ನು ತಣ್ಣಗಿರುವಾಗಲೇ ಹಾಕಿ.

ಸಾಂದ್ರ ಆಮ್ಲವನ್ನು ನೇರವಾಗಿ ಕಾಯಿಸಿದರೆ ಮೊದಲು ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಹೊಮ್ಮುತ್ತದೆ. ಆದ್ದರಿಂದ ಮೊದಲೇ ಅದನ್ನು ಸುಮಾರು 20 ಪ್ರತಿಶತಕ್ಕೆ ತೆಳುಗೊಳಿಸಿಕೊಳ್ಳಿ (ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ). ಆ ಸಾಂದ್ರತೆಯ ಆಮ್ಲವು ಸುಮಾರು 109 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಮ್ಲ-ನೀರಿನ ಅನುಪಾತ ಬದಲಾಗದೆ ಕುದಿದು ಇಳಿಯುತ್ತದೆ. ಇಡೀ ವ್ಯವಸ್ಥೆಗೆ ಗಾಳಿಯ ಸಂಪರ್ಕವಿರುವ ಒಂದು ದಾರಿ ಇರಲೇಬೇಕು. ಎಲ್ಲೆಡೆ ಮುಚ್ಚಿದ ಉಪಕರಣವನ್ನು ಎಂದಿಗೂ ಕಾಯಿಸಬಾರದು. ಹೊರಬರುವ ಆವಿಯನ್ನು ಹೀರಿಕೊಳ್ಳಲು ಆ ದಾರಿಯ ಕೊನೆಯಲ್ಲಿ ನೀರಿನ ಪಾತ್ರೆಯೊಂದನ್ನಿಟ್ಟು, ಬೋರಲು ಹಾಕಿದ ಆಲಿಕೆಯನ್ನು ಅದರ ನೀರಿನ ಮಟ್ಟಕ್ಕಿಂತ ತುಸು ಮೇಲಿರುವಂತೆ ಇಡಿ. ಕೊಳವೆಯನ್ನೇ ನೀರಿನಲ್ಲಿ ಮುಳುಗಿಸಿದರೆ ತಣಿಯುವಾಗ ನೀರು ಹಿಂದಕ್ಕೆ ಎಳೆದುಕೊಂಡು ಬಿಸಿ ಫ್ಲಾಸ್ಕಿಗೆ ನುಗ್ಗಬಹುದು. ಇವೆಲ್ಲ ಆವಿಯನ್ನು ಹೊರಗೆಳೆಯುವ ಗೂಡಾದ ಫ್ಯೂಮ್ ಹುಡ್‌ನೊಳಗೇ ನಡೆಯಬೇಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಇದೇ ಉಪಕರಣದಲ್ಲಿ ಮುಂದೆ ಹೈಡ್ರೋಫ್ಲೋರಿಕ್ ಆಮ್ಲವನ್ನೂ ಶುದ್ಧಗೊಳಿಸಬಹುದೇ?

ಉತ್ತರ 3:
ದಯವಿಟ್ಟು ಆ ಯೋಚನೆಯನ್ನು ಬಿಟ್ಟುಬಿಡಿ. ಹೈಡ್ರೋಫ್ಲೋರಿಕ್ ಆಮ್ಲವು ಗಾಜನ್ನೇ ಕರಗಿಸುತ್ತದೆ. ಬೋರೋಸಿಲಿಕೇಟ್ ಆಗಲಿ ಕ್ವಾರ್ಟ್ಸ್ ಆಗಲಿ ಅದಕ್ಕೆ ತಡೆಯಲ್ಲ. ಚರ್ಮದ ಮೂಲಕ ಒಳಸೇರಿ ದೇಹದ ಕ್ಯಾಲ್ಸಿಯಂ ಅನ್ನು ಕುಗ್ಗಿಸಿ ಪ್ರಾಣಕ್ಕೇ ಕುತ್ತು ತರಬಲ್ಲದು. ಶುದ್ಧ ದರ್ಜೆಯದನ್ನೇ ಕೊಂಡುಕೊಳ್ಳುವುದು ಒಳ್ಳೆಯದು.

ಹೈಡ್ರೋಕ್ಲೋರಿಕ್ ಆಮ್ಲ ಸ್ವಲ್ಪವೇ ಸಾಕಾದರೆ ಕಾಯಿಸುವ ಅಗತ್ಯವೂ ಇಲ್ಲ. ಲೋಹದ ಭಾಗಗಳಿಲ್ಲದ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಳಗೆ ಸಾಂದ್ರ ಆಮ್ಲದ ಪಾತ್ರೆಯನ್ನೂ ಶುದ್ಧ ನೀರಿನ ಪಾತ್ರೆಯನ್ನೂ ಅಕ್ಕಪಕ್ಕ ಇಟ್ಟು, ಫ್ಯೂಮ್ ಹುಡ್‌ನಲ್ಲಿ ಕೆಲವು ದಿನ ಬಿಡಿ. ಅನಿಲ ತಾನಾಗಿಯೇ ನೀರಿಗೆ ಸೇರುತ್ತದೆ, ಕಬ್ಬಿಣ ಹಳೆಯ ಪಾತ್ರೆಯಲ್ಲೇ ಉಳಿಯುತ್ತದೆ. ಬಳಸುವ ಮುನ್ನ ಹೀಗೆ ಸಿಕ್ಕ ಆಮ್ಲದ ಸಾಂದ್ರತೆಯನ್ನು ಟೈಟ್ರೇಷನ್ (ಸಾಂದ್ರತೆ ಗೊತ್ತಿರುವ ಕ್ಷಾರವನ್ನು ಬೆರೆಸಿ ಅಳೆಯುವ ವಿಧಾನ) ಮಾಡಿ ತಿಳಿದುಕೊಳ್ಳಿ.